ಖಾಲಿ ಉಳಿದ ಪುಟದಿಂದ ವಾಪಸ್ ಬರೋ ದಾರಿ: ಡೈರಿ ಮತ್ತು ಗುರಿ ಹಾಳೆ ನಾವೇ ಮಾಡ್ಕೊಳ್ಳೋದು ಹೇಗೆ?

ಈ ಸಲದ ಮಾತು ನೋಟ್‌ಬುಕ್ ಬಗ್ಗೆ. ಇದರಲ್ಲಿ ಅಳತೆ, ಲೆಕ್ಕ ಜಾಸ್ತಿ ಇದೆ, ವಿಡಿಯೋ ಪದೇಪದೇ ನಿಲ್ಲಿಸಿ ನೋಡೋದು ಕಷ್ಟ. ಅದಕ್ಕೆ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ.

ಜನವರಿಯಲ್ಲಿ ಚೆಂದದ ಡೈರಿ ತರ್ತೀವಿ. ಮೊದಲ ವಾರ ಪುಟ ತುಂಬ ಬರೀತೀವಿ. ಸಂಕ್ರಾಂತಿ ಹೊತ್ತಿಗೆ ಊರಿಗೆ ಹೋಗಿ ಬರೋವಾಗ ನಾಲ್ಕು ದಿನ ತಪ್ಪುತ್ತೆ. ವಾಪಸ್ ಬಂದು ತೆರೆದರೆ ತಾರೀಖು ಹಾಕಿದ ನಾಲ್ಕು ಪುಟ ಖಾಲಿ ಕೂತಿರುತ್ತೆ. ಅದನ್ನ ನೋಡಿದ ತಕ್ಷಣ ಮನಸ್ಸಿಗೆ ಬರೋ ಮಾತು ಒಂದೇ: "ನನ್ನ ಕೈಲಿ ಇದು ಆಗಲ್ಲ." ಫೆಬ್ರವರಿಯಲ್ಲಿ ಆ ಡೈರಿ ಹಾಲಿನ ಲೆಕ್ಕಕ್ಕೆ ಹೋಗುತ್ತೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಬಳಸೋರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಬಿಟ್ಟು ಹೋಗ್ತಿದ್ರೆ, ನಮ್ಮ ಕೆಲಸದಲ್ಲಿ ಜನರನ್ನ ಬೈಯಲ್ಲ, ಆ ಜಾಗದ ವಿನ್ಯಾಸ ನೋಡ್ತೀವಿ. ಡೈರಿಗೂ ಅದೇ ನ್ಯಾಯ. ದಿನಾ ತಪ್ಪದೆ ಬರೆಯೋ ಮನುಷ್ಯನಿಗೆ ಯಾವ ಪುಸ್ತಕವಾದ್ರೂ ನಡೆಯುತ್ತೆ. ನಾವು ವಿನ್ಯಾಸ ಮಾಡ್ಬೇಕಾಗಿರೋದು ಮಧ್ಯದಲ್ಲಿ ಬಿಟ್ಟು ವಾಪಸ್ ಬರೋನಿಗೆ. ಇವತ್ತಿನ ಮಾತಿನ ಸಾರ ಇಷ್ಟೇ. ಉಳಿದದ್ದೆಲ್ಲ ಅದನ್ನ ಕಾಗದದ ಮೇಲೆ ಹೇಗೆ ತರೋದು ಅನ್ನೋ ವಿವರ.

ಬರೆಯೋ ಪುಟ ಬೇರೆ, ತುಂಬೋ ಹಾಳೆ ಬೇರೆ

ಮೊದಲು ಎರಡು ಕೆಲಸಗಳನ್ನ ಬೇರೆ ಮಾಡೋಣ. ಒಂದು, ಮನಸ್ಸಿನಲ್ಲಿರೋದನ್ನ ಹೊರಗೆ ಹಾಕೋದು, ಅಂದ್ರೆ ಜರ್ನಲ್. ಇನ್ನೊಂದು, ಗುರಿ ಇಟ್ಕೊಂಡು ಅದರ ಲೆಕ್ಕ ಇಡೋದು, ಅಂದ್ರೆ ವರ್ಕ್‌ಶೀಟ್. ಅಂಗಡಿಯಲ್ಲಿ ಸಿಗೋ "ಪ್ಲಾನರ್"ಗಳು ಇವೆರಡನ್ನೂ ಒಂದೇ ಪುಟದಲ್ಲಿ ತುರುಕಿರ್ತವೆ. ಮೇಲೆ ನೀರು ಕುಡಿದ ಲೆಕ್ಕ, ಕೆಳಗೆ "ಇಂದು ನಿಮ್ಮ ಮನಸ್ಸಿನ ಭಾವನೆ ಏನು?" ಅಂತ ಎರಡು ಗೆರೆ. ಭಾವನೆಗೆ ಎರಡು ಗೆರೆ ಸಾಲಲ್ಲ, ನೀರಿನ ಲೆಕ್ಕಕ್ಕೆ ಇಡೀ ಪುಟ ಬೇಕಾಗಲ್ಲ.

ಮೊದಲನೆಯ ಕೆಲಸದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಸ್ಯಾಂಡ್ರಾ ಬೀಲ್ ಜೊತೆ ಸೇರಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿ. ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ಸತತ 4 ದಿನ, ತಮ್ಮನ್ನ ತುಂಬಾ ಕಾಡಿದ ಅನುಭವದ ಬಗ್ಗೆ ಬರೆಯೋಕೆ ಹೇಳಿದ್ರು. ಬರೆದ ಕೂಡಲೇ ಅವರಿಗೆ ಬೇಜಾರು ಹೆಚ್ಚೇ ಆಯ್ತು. ಆದರೆ ನಡೆದದ್ದನ್ನೂ ಅದರ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಇಂಥ 146 ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ 2006ರ ವಿಶ್ಲೇಷಣೆಯಲ್ಲಿ ಸರಾಸರಿ ಲಾಭ ಇದೆ, ಆದರೆ ಸಣ್ಣದು ಅಂತ ಬಂತು. ನಮ್ಮ ವಿನ್ಯಾಸಕ್ಕೆ ಇದರಿಂದ ಸಿಗೋ ಪಾಠ ಏನು? ಪೆನ್‌ಬೇಕರ್ ಕೇಳಿದ್ದು 4 ದಿನ, 365 ದಿನ ಅಲ್ಲ. ಜರ್ನಲ್ ಪುಟಗಳಿಗೆ ತಾರೀಖು ಮುದ್ರಿಸೋ ಅವಶ್ಯಕತೆನೇ ಇಲ್ಲ. ಬೇಕಾದಾಗ ಬರೆಯೋಕೆ ಗೆರೆ ಇರೋ ಖಾಲಿ ಪುಟ ಇದ್ರೆ ಸಾಕು.

ಕಡತ, ಮತ್ತು ಫ್ರಾಂಕ್ಲಿನ್‌ನ ಕೆಂಪು ಗೆರೆ

ನಾನಿರೋದು ಪುಣೆಯ ನಿಗಡಿಯಲ್ಲಿ. ಇಲ್ಲಿಯ ಅಂಗಡಿಯಲ್ಲಿ ನೋಟ್‌ಬುಕ್‌ಗೆ "ವಹಿ" ಅಂತಾರೆ. ನಮ್ಮ ಕಚೇರಿಗಳ "ದಿನವಹಿ"ಯಲ್ಲಿ ಇರೋದೂ ಅದೇ ವಹಿ. ಆದರೆ ಕನ್ನಡ ನಾಡಿಗೆ ಇದಕ್ಕಿಂತ ಸ್ವಾರಸ್ಯದ ಇನ್ನೊಂದು ನೋಟ್‌ಬುಕ್ ಇತ್ತು: ಕಡತ. ಈಗ ಕಡತ ಅಂದ್ರೆ ಸರ್ಕಾರಿ ಫೈಲು. ಮೂಲದಲ್ಲಿ ಅದು ಬಟ್ಟೆ. ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂಥ ಮೈ ಬರುತ್ತೆ. ಅದನ್ನ ಹಿಂದೆ ಮುಂದೆ ಮಡಚಿ ಪುಸ್ತಕದ ಥರ ಮಾಡಿ, ಬಳಪದಿಂದ ಬರೀತಿದ್ರು. ವ್ಯಾಪಾರಿಗಳ ಲೆಕ್ಕ, ಮಠಗಳ ವ್ಯವಹಾರ ಇದರಲ್ಲೇ ನಡೀತಿತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರ. ಕಡತದ ಗುಣ ಏನು ಅಂದ್ರೆ, ಬರೆದದ್ದು ಬಹಳ ಕಾಲ ಉಳಿಯುತ್ತೆ, ಬೇಡ ಅಂದಾಗ ಒರೆಸಿ ಮತ್ತೆ ಬರೆಯಲೂಬಹುದು.

ಇನ್ನೊಂದು ಕಡೆ ಬೆಂಜಮಿನ್ ಫ್ರಾಂಕ್ಲಿನ್. ಈಗ ನಾವು ಹ್ಯಾಬಿಟ್ ಟ್ರ್ಯಾಕರ್ ಅನ್ನೋದನ್ನ 18ನೇ ಶತಮಾನದಲ್ಲೇ ಕೈಯಾರೆ ಮಾಡ್ಕೊಂಡಿದ್ದ. ಆತ್ಮಕಥೆಯಲ್ಲಿ ಅದರ ಚಿತ್ರವನ್ನೇ ಕೊಟ್ಟಿದ್ದಾನೆ. 13 ಗುಣಗಳು, ಒಂದೊಂದಕ್ಕೆ ಒಂದು ಪುಟ, ಕೆಂಪು ಶಾಯಿಯಲ್ಲಿ ವಾರದ 7 ದಿನಕ್ಕೆ 7 ಕಂಬಸಾಲು. ತಪ್ಪಿದ ದಿನಕ್ಕೆ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ 4 ಸುತ್ತು.

ಮುಂದೆ ಏನಾಯ್ತು ಅನ್ನೋದು ಮುಖ್ಯ. ಹೊಸ ಸುತ್ತು ಶುರು ಮಾಡೋಕೆ ಹಳೆಯ ಚುಕ್ಕೆಗಳನ್ನ ಕೆರೆದು ಕೆರೆದು ಕಾಗದ ತೂತು ಬಿತ್ತು. ಆಗ ಅವನು ದಂತದ ತೆಳು ಹಾಳೆಗಳಿದ್ದ ಸಣ್ಣ ಪುಸ್ತಕಕ್ಕೆ ಬದಲಾಯಿಸಿದ. ಗೆರೆಗಳು ಅಳಿಸದ ಕೆಂಪು ಶಾಯಿಯಲ್ಲಿ, ಚುಕ್ಕೆಗಳು ಪೆನ್ಸಿಲಿನಲ್ಲಿ. ಒದ್ದೆ ಸ್ಪಂಜಿನಿಂದ ಒರೆಸಿದರೆ ಹೊಸ ವಾರ ಸಿದ್ಧ.

ಕಡತವೂ ಫ್ರಾಂಕ್ಲಿನ್‌ನ ಪುಸ್ತಕವೂ ಹೇಳೋದು ಒಂದೇ ಮಾತು: ಚೌಕಟ್ಟು ಗಟ್ಟಿ ಇರಲಿ, ಒಳಗಿನ ಬರಹ ಬದಲಾಗೋ ಹಾಗಿರಲಿ. ನಮ್ಮ ಹಾಳೆಗೆ ಇದನ್ನ ಹೀಗೆ ತರಬಹುದು. ಗುರಿಯನ್ನ ಪೆನ್ಸಿಲಿನಲ್ಲಿ ಬರೀರಿ, ನಡೆದದ್ದನ್ನ ಪೆನ್ನಿನಲ್ಲಿ ಬರೀರಿ. ಗುರಿ ತಿದ್ದೋದು ಸೋಲಲ್ಲ. ನಡೆದದ್ದನ್ನ ಮಾತ್ರ ತಿದ್ದೋ ಹಾಗಿಲ್ಲ.

ಖಾಲಿ ಚೌಕದ ಅರ್ಥ ಏನು?

ಡೇಟಾಬೇಸ್ ಜೊತೆ ಕೆಲಸ ಮಾಡೋರಿಗೆ ಸೊನ್ನೆ ಬೇರೆ, ನಲ್ ಬೇರೆ ಅಂತ ಗೊತ್ತು. ಸೊನ್ನೆ ಅಂದ್ರೆ "ಲೆಕ್ಕ ಹಾಕಿದೆ, ಏನೂ ಇಲ್ಲ". ನಲ್ ಅಂದ್ರೆ "ಗೊತ್ತಿಲ್ಲ, ಯಾರೂ ತುಂಬಿಲ್ಲ". ಕಾಗದದ ಟ್ರ್ಯಾಕರ್‌ಗಳಲ್ಲಿ ಹೆಚ್ಚಿನವು ಇವೆರಡನ್ನೂ ಒಂದೇ ಖಾಲಿ ಚೌಕದಲ್ಲಿ ಹಾಕಿಬಿಡ್ತವೆ.

ನಮ್ಮ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಕೆಲವು ತಿಂಗಳು ನಿಗಡಿಯಲ್ಲಿ ನಮ್ಮ ಜೊತೆ ಇದ್ರು. ದಿನಕ್ಕೆ ಮೂರು ಸಲ ಕಾಲಿನ ವ್ಯಾಯಾಮ. ಅದಕ್ಕೊಂದು ಇಂಗ್ಲಿಷ್ ಹಾಳೆ ಕೊಟ್ಟಿದ್ರು, ಮಾಡಿದಾಗ ಟಿಕ್ ಹಾಕ್ಬೇಕು. ಅಮ್ಮ ವ್ಯಾಯಾಮ ಮಾಡ್ತಿದ್ರು, ಟಿಕ್ ಹಾಕೋದು ಮರೀತಿದ್ರು. ಕೆಲವು ದಿನ ನೋವು ಅಂತ ನಿಜವಾಗಲೂ ಮಾಡ್ತಿರ್ಲಿಲ್ಲ. ಎರಡು ವಾರದ ಮೇಲೆ ಹಾಳೆ ನೋಡಿದವರಿಗೆ ಎಲ್ಲ ಖಾಲಿ ಚೌಕವೂ ಒಂದೇ ಥರ ಕಾಣಿಸ್ತು. "ಇನ್ನೂ ಜಾಸ್ತಿ ಮಾಡಿ" ಅನ್ನೋ ಸಲಹೆ ಬಂತು. ನೋವಿದ್ದ ದಿನದ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಲೇ ಇಲ್ಲ.

ಆಗ ಕನ್ನಡದಲ್ಲಿ ಒಂದು ಹಾಳೆ ಮಾಡಿದ್ವಿ. ಮೂರು ಗುರುತು ಅಷ್ಟೇ. ಮಾಡಿದ್ರೆ ತುಂಬಿದ ಚುಕ್ಕೆ. ಮಾಡದಿದ್ರೆ ಖಾಲಿ ವೃತ್ತ. ನೋವಿನಿಂದ ನಿಲ್ಲಿಸಿದ್ರೆ ಅಡ್ಡಗೆರೆ. ಚೌಕ ಪೂರ್ತಿ ಖಾಲಿ ಇದ್ರೆ "ಬರೆದಿಲ್ಲ" ಅಂತ ಮಾತ್ರ ಅರ್ಥ, ಯಾರೂ ಏನೂ ಕೇಳೋ ಹಾಗಿಲ್ಲ. ಮುಂದಿನ ಭೇಟಿಯಲ್ಲಿ ಅಡ್ಡಗೆರೆಗಳು ಹೆಚ್ಚಾಗಿ ಸಂಜೆ ಹೊತ್ತಲ್ಲೇ ಇವೆ ಅನ್ನೋದು ಎದ್ದು ಕಾಣ್ತು. ಸಂಜೆಯ ವ್ಯಾಯಾಮ ಬದಲಾಯ್ತು.

ನೀವು ಯಾವ ಅಭ್ಯಾಸದ ಹಾಳೆ ಮಾಡಿದ್ರೂ ಈ ನಿಯಮ ಇಟ್ಕೊಳ್ಳಿ. "ಮಾಡಿಲ್ಲ" ಅಂತ ಹೇಳೋಕೆ ಒಂದು ಗುರುತು ಇರಲಿ. ಆ ಗುರುತು ಹಾಕೋದೂ ಬರೆದ ಹಾಗೇ ಲೆಕ್ಕ. ಮಾಡದ ದಿನವೂ ಪುಸ್ತಕ ತೆರೆಯೋಕೆ ಅದು ಕಾರಣ ಆಗುತ್ತೆ.

21 ದಿನದ ಮಾತು

"21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ" ಅನ್ನೋದನ್ನ ಎಲ್ಲ ಕಡೆ ಕೇಳ್ತೀವಿ. ಇದು ಹರಡಿದ್ದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕದಿಂದ. ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳೋಕೆ ಕನಿಷ್ಠ 21 ದಿನ ಬೇಕು ಅಂತ ಅವರು ಗಮನಿಸಿದ್ರು. "ಕನಿಷ್ಠ" ಅನ್ನೋ ಪದ ಬಾಯಿಂದ ಬಾಯಿಗೆ ಹೋಗ್ತಾ ಬಿದ್ದುಹೋಯ್ತು.

ಅಳೆದು ನೋಡಿದ್ದು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. ಅಧ್ಯಯನ 2010ರಲ್ಲಿ ಅಚ್ಚಾಯ್ತು. 96 ಜನ, 12 ವಾರ, ಪ್ರತಿಯೊಬ್ಬರೂ ತಿನ್ನೋದು, ಕುಡಿಯೋದು ಅಥವಾ ವ್ಯಾಯಾಮದ ಒಂದು ಹೊಸ ಅಭ್ಯಾಸ ಆರಿಸ್ಕೊಂಡ್ರು. ಅದು ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಮಧ್ಯಮ ಅಂದಾಜು 66 ದಿನ. ಆದರೆ ವ್ಯತ್ಯಾಸ 18 ದಿನದಿಂದ 254 ದಿನದವರೆಗೆ! ನಮಗೆ ಬೇಕಾದ ಇನ್ನೊಂದು ವಿಷಯವೂ ಅದರಲ್ಲೇ ಇದೆ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯೋದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಹೀಗಾಗಿ 21 ಚೌಕದ ಹಾಳೆ ಬೇಡ. ಒಂದು ದಿನ ತಪ್ಪಿದ್ರೆ ಸೊನ್ನೆಗೆ ಇಳಿಯೋ ಸರಪಳಿ ಲೆಕ್ಕವೂ ಬೇಡ. ಮೊಬೈಲ್ ಆ್ಯಪ್‌ಗಳು ಅದನ್ನ ಇಡೋದು ನಾವು ದಿನಾ ಆ್ಯಪ್ ತೆರೆಯಲಿ ಅಂತ. ಕಾಗದಕ್ಕೆ ಆ ಹಂಗಿಲ್ಲ. ವಾರಕ್ಕೆ 7 ಚೌಕ ಕೊಡಿ, ಗುರಿ 4 ಅಂತ ಇಡಿ. ಯಾವ 4 ಆದ್ರೂ ಸರಿ.

ಗುರಿ ಪುಟದಲ್ಲಿ ಏನು ಕೇಳಬೇಕು?

ಇಲ್ಲಿ ಮೊದಲು ಒಂದು ಕಸ ಗುಡಿಸೋಣ. ಯೇಲ್ ವಿಶ್ವವಿದ್ಯಾಲಯದಲ್ಲಿ 1953ರ ತಂಡದಲ್ಲಿ ಗುರಿ ಬರೆದಿಟ್ಟ 3 ಪರ್ಸೆಂಟ್ ಜನ ಉಳಿದ 97 ಪರ್ಸೆಂಟ್ ಜನಕ್ಕಿಂತ ಹೆಚ್ಚು ಸಂಪಾದಿಸಿದ್ರು ಅನ್ನೋ ಕಥೆ. ತರಬೇತಿ ಶಿಬಿರಗಳಲ್ಲಿ ಇದು ಕಡ್ಡಾಯ ಸ್ಲೈಡ್. 1996ರಲ್ಲಿ ಫಾಸ್ಟ್ ಕಂಪನಿ ಪತ್ರಿಕೆ ಹುಡುಕಿದಾಗ ಅಂಥ ಅಧ್ಯಯನ ನಡೆದಿದ್ದಕ್ಕೆ ಯಾವ ದಾಖಲೆಯೂ ಸಿಗಲಿಲ್ಲ. ಅದನ್ನ ನಂಬಿ ಗುರಿ ಬರೆಯೋದು ಬೇಡ.

ನಿಜವಾದ ಆಧಾರ ಇರೋದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಕೆಲಸದಲ್ಲಿ. ಏನು ಮಾಡ್ತೀನಿ ಅಂತ ಬರೆಯೋದರ ಜೊತೆಗೆ ಯಾವಾಗ, ಎಲ್ಲಿ, ಯಾವ ಸನ್ನಿವೇಶದಲ್ಲಿ ಅಂತಲೂ ಬರೆಯೋದು. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕ್ರಿಸ್ಮಸ್ ಹಿಂದಿನ ಸಂಜೆ ಹೇಗೆ ಕಳೆದ್ರು ಅಂತ 48 ಗಂಟೆಯೊಳಗೆ ವರದಿ ಬರೆದು ಕಳಿಸಬೇಕಿತ್ತು. ಯಾವಾಗ, ಎಲ್ಲಿ ಕೂತು ಬರೀತೀನಿ ಅಂತ ಮೊದಲೇ ಬರೆದುಕೊಟ್ಟವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಳಿಸಿದ್ರು. ಹಾಗೆ ಬರೆಯದವರಲ್ಲಿ ಸುಮಾರು ಮೂರನೇ ಒಂದು ಭಾಗ. 2006ರಲ್ಲಿ ಇಂಥ 94 ಅಧ್ಯಯನಗಳನ್ನ ಸೇರಿಸಿ ನೋಡಿದಾಗಲೂ ಲಾಭ ಗಟ್ಟಿಯಾಗಿಯೇ ಕಂಡಿತು.

ಇದನ್ನ ಇಂಗ್ಲಿಷಿನಲ್ಲಿ "ಇಫ್-ದೆನ್" ಯೋಜನೆ ಅಂತಾರೆ. ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ "ರೆ" ಹಚ್ಚಿದ್ರೆ ಮುಗೀತು. ಹಾಳೆಯಲ್ಲಿ ಎರಡೇ ಬಿಟ್ಟ ಸ್ಥಳ ಸಾಕು: "………ರೆ, ನಾನು ……… ಮಾಡ್ತೀನಿ."

ಉದಾಹರಣೆಗೆ ನಿಗಡಿಯಲ್ಲಿ ತುಂಬಾ ಜನರ ಗುರಿ ಬೆಳಗ್ಗೆ ದುರ್ಗಾ ಟೇಕಡಿ ಹತ್ತೋದು. ಜೂನ್ ಬಂದ್ರೆ ಮಳೆ. ಅಲ್ಲಿಗೆ ಗುರಿ ನಿಲ್ಲುತ್ತೆ. ಹಾಳೆಯಲ್ಲಿ ಮೊದಲೇ ಬರೆದಿರಬೇಕು: "ಮಳೆ ಬಂದರೆ, ಸೊಸೈಟಿಯ ಪಾರ್ಕಿಂಗ್‌ನಲ್ಲಿ 20 ನಿಮಿಷ ನಡೀತೀನಿ." "ಶಿಫ್ಟ್ ತಡವಾಗಿ ಮುಗಿದರೆ, ಮಾರನೇ ದಿನ ಸಂಜೆ ಹೋಗ್ತೀನಿ." ಎಲ್ಲಕ್ಕಿಂತ ಮುಖ್ಯವಾದ "ರೆ" ಕೊನೆಯದು: "ಒಂದು ವಾರ ಪೂರ್ತಿ ತಪ್ಪಿದರೆ, ಮೊದಲ ದಿನ 10 ನಿಮಿಷ ಮಾತ್ರ ನಡೀತೀನಿ." ವಾಪಸ್ ಬರೋ ದಾರಿ ಅಂದ್ನಲ್ಲ, ಅದು ಇದೇ. ಬಿಟ್ಟ ಮೇಲೆ ಯೋಚನೆ ಮಾಡೋಕೆ ಉತ್ಸಾಹ ಇರಲ್ಲ, ಅದಕ್ಕೆ ಹುಮ್ಮಸ್ಸಿರೋ ದಿನವೇ ಬರೆದಿಡಬೇಕು.

ಗುರಿ ಪುಟಕ್ಕೆ ನಾಲ್ಕು ಪ್ರಶ್ನೆ ಸಾಕು. 13 ವಾರದಲ್ಲಿ ಏನು ಬದಲಾಗಬೇಕು? ಅದಕ್ಕೆ ವಾರಕ್ಕೆ ಎಷ್ಟು ಸಲ, ಏನು ಮಾಡ್ತೀನಿ? ಅಡ್ಡ ಬರೋದು ಏನು, ಬಂದರೆ ಏನು ಮಾಡ್ತೀನಿ? ಬಿಟ್ಟುಹೋದರೆ ಎಲ್ಲಿಂದ ಶುರು ಮಾಡ್ತೀನಿ? ಐದನೆಯ ಪ್ರಶ್ನೆ ಹಾಕೋ ಆಸೆ ಆದ್ರೆ, ಮೊದಲ ನಾಲ್ಕರಲ್ಲಿ ಒಂದನ್ನ ತೆಗೆದು ಹಾಕಿ.

ಕನ್ನಡಕ್ಕೆ ಗೆರೆ ಎಷ್ಟು ದೂರ?

ಈಗ ಕಾಗದಕ್ಕೆ ಬರೋಣ. ಇಂಟರ್‌ನೆಟ್‌ನಲ್ಲಿ ಸಿಗೋ ಟೆಂಪ್ಲೇಟ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಲೆಕ್ಕದವು. ಅಮೆರಿಕದ "ಕಾಲೇಜ್ ರೂಲ್" ಅಂದ್ರೆ ಗೆರೆಗಳ ನಡುವೆ ಸುಮಾರು 7.1 ಮಿ.ಮೀ. ಕನ್ನಡದಲ್ಲಿ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತೆ, ಗುಡಿಸು ಮೇಲಕ್ಕೆ ಏರುತ್ತೆ. "ಸ್ತ್ರೀ", "ಸ್ವಾತಂತ್ರ್ಯ", "ರಾಷ್ಟ್ರೀಯ" ಇವನ್ನ ಒಂದರ ಕೆಳಗೆ ಒಂದು ಬರೆದು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತೆ. ಇಕ್ಕಟ್ಟಾದಾಗ ನಾವು ಅಕ್ಷರ ಚಿಕ್ಕದು ಮಾಡ್ತೀವಿ, ಕೈ ನೋಯುತ್ತೆ, ಬರೆಯೋದು ಕಡಿಮೆಯಾಗುತ್ತೆ.

ನನ್ನ ಅನುಭವದಲ್ಲಿ ಕನ್ನಡಕ್ಕೆ 9 ಮಿ.ಮೀ. ಆರಾಮ. ವಯಸ್ಸಾದವರಿಗೆ 10. ಬುಲೆಟ್ ಜರ್ನಲ್ ಮಾಡೋರು ಬಳಸೋ ಚುಕ್ಕಿ ಪುಟದಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಅಂತರ ಇರುತ್ತೆ, ಅಲ್ಲಿ ಎರಡು ಚುಕ್ಕಿಗೆ ಒಂದು ಸಾಲು ಬರೀರಿ. ಗೆರೆ ತಿಳಿ ಬೂದು ಬಣ್ಣದಲ್ಲಿರಲಿ. ಕಪ್ಪು ಗೆರೆ ಬರಹದ ಜೊತೆ ಜಗಳ ಆಡುತ್ತೆ.

ಎ5 ಪುಟ 148 × 210 ಮಿ.ಮೀ. ಮೇಲೆ ಕೆಳಗೆ 15 ಮಿ.ಮೀ. ಬಿಟ್ಟರೆ 180 ಉಳಿಯುತ್ತೆ, 9ರಂತೆ 20 ಸಾಲು. ಒಂದು ಕೂತಾಟಕ್ಕೆ ಅಷ್ಟು ಸಾಕು. ಹೊಲಿಗೆ ಕಡೆ 15 ಮಿ.ಮೀ. ಬಿಡಿ, ಇಲ್ಲದಿದ್ರೆ ಸಾಲಿನ ಮೊದಲ ಅಕ್ಷರ ಮಡಿಕೆಯೊಳಗೆ ಹೋಗುತ್ತೆ.

10 ಹಾಳೆ, 40 ಪುಟ

ಒಂದು ಎ4 ಹಾಳೆಯನ್ನ ಮಧ್ಯಕ್ಕೆ ಮಡಚಿದ್ರೆ ಎ5 ಅಳತೆಯ 4 ಪುಟ. ಅದಕ್ಕೇ ಪುಸ್ತಕದ ಪುಟ ಯಾವಾಗಲೂ 4ರ ಗುಣಕದಲ್ಲಿ ಇರಬೇಕು. 10 ಹಾಳೆ ತಗೊಳ್ಳಿ, 40 ಪುಟ ಆಯ್ತು. ಫ್ರಾಂಕ್ಲಿನ್ ಥರ 13 ವಾರದ ಸುತ್ತು ಇಡೋಣ. ವಾರಕ್ಕೆ ಎದುರುಬದುರು 2 ಪುಟ, ಒಟ್ಟು 26. ಶುರುವಿನಲ್ಲಿ ಗುರಿಗೆ 2. ಕೊನೆಯಲ್ಲಿ ಹಿಂತಿರುಗಿ ನೋಡೋಕೆ 2. ಉಳಿದ 10 ಪುಟ ಬರೀ ಗೆರೆ, ಮನಸ್ಸಿಗೆ ಬಂದದ್ದು ಬರೆಯೋಕೆ.

ವಾರದ ಎಡ ಪುಟದಲ್ಲಿ ಮೂರು ಅಭ್ಯಾಸಕ್ಕೆ ಮೂರು ಸಾಲು, ಪ್ರತಿ ಸಾಲಿಗೆ 7 ಚೌಕ. ಚೌಕ 10 ಮಿ.ಮೀ.ಗಿಂತ ಚಿಕ್ಕದಾಗೋದು ಬೇಡ. ಬಲ ಪುಟ ಖಾಲಿ ಸಾಲು, ಮೇಲೆ ಒಂದೇ ಪ್ರಶ್ನೆ: "ಈ ವಾರ ಏನು ಗಮನಕ್ಕೆ ಬಂತು?" ತಾರೀಖಿನ ಜಾಗ ಖಾಲಿ ಇರಲಿ, ವಾರ ಶುರುವಾದಾಗ ಕೈಯಲ್ಲೇ ತುಂಬಿ. ಎರಡು ವಾರ ಬಿಟ್ಟು ಬಂದ್ರೂ ಮುಂದಿನ ಪುಟ ಹೊಸದಾಗೇ ಇರುತ್ತೆ.

ಪ್ರಿಂಟರ್‌ನಲ್ಲಿ "ಬುಕ್‌ಲೆಟ್" ಆಯ್ಕೆ, ಎರಡೂ ಕಡೆ ಮುದ್ರಣ, ತಿರುವೋದು ಚಿಕ್ಕ ಅಂಚಿನ ಕಡೆಗೆ. ಸಾಮಾನ್ಯ 75 ಜಿಎಸ್‌ಎಂ ಕಾಗದ ಬಾಲ್ ಪೆನ್ನಿಗೆ ಸಾಕು. ಶಾಯಿ ಪೆನ್ನು ಬಳಸೋರು ಮೊದಲು ಒಂದೇ ಹಾಳೆ ತಂದು ಹಿಂದಕ್ಕೆ ಇಳಿಯುತ್ತಾ ನೋಡ್ಕೊಳ್ಳಿ. ಪುಣೆಯವರಿಗೆ ಅಪ್ಪಾ ಬಳವಂತ ಚೌಕದಲ್ಲಿ ಬೇಕಾದ ಕಾಗದ ಸಿಗುತ್ತೆ. ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದ್ರೆ ಪುಸ್ತಕ ಚಪ್ಪಟೆಯಾಗಿ ತೆರೆಯುತ್ತೆ. ಮಡಚಿದ ಮೇಲೆ ಒಳಗಿನ ಹಾಳೆಗಳ ಅಂಚು ಸ್ವಲ್ಪ ಹೊರಗೆ ಚಾಚುತ್ತೆ, ಸ್ಕೇಲ್ ಇಟ್ಟು ಕತ್ತರಿಸಿ.

ಯಾರು ಓದ್ತಾರೆ?

2 ಬಿಎಚ್‌ಕೆ ಮನೆಯಲ್ಲಿ ಐದು ಜನ ಇರೋ ಕಡೆ, ಮೇಜಿನ ಮೇಲಿಟ್ಟ ಪುಸ್ತಕ ಎಲ್ಲರದ್ದೂ. ಯಾರೋ ಓದ್ತಾರೆ ಅಂತ ಗೊತ್ತಿದ್ರೆ ಕೈ ಸುಳ್ಳು ಬರೆಯುತ್ತೆ. ಅದಕ್ಕೇ ಲೆಕ್ಕದ ಹಾಳೆ ಬೇಕಾದ್ರೆ ಫ್ರಿಜ್ ಮೇಲೆ ಅಂಟಿಸಿ, ಮನಸ್ಸಿನ ಪುಟ ಬೇರೆ ಇಡಿ. ಮಕ್ಕಳಿಗೆ ಗುರಿ ಹಾಳೆ ಕೊಡೋ ಅಪ್ಪ ಅಮ್ಮ, ಟೀಚರ್‌ಗಳಿಗೂ ಇದೇ ಮಾತು. ಅದಕ್ಕೆ ಅಂಕ ಹಾಕಬೇಡಿ. ಹಾಕಿದ್ರೆ ಮಗು ನಿಮಗೆ ಇಷ್ಟವಾಗೋ ಗುರಿ ಬರೆಯೋದು ಕಲಿಯುತ್ತೆ.

ಗೆರೆಯ 10 ಪುಟದಲ್ಲಿ ಕೆಲವನ್ನ ಹರಿದು ತೆಗೆಯೋ ಹಾಗೆ ಸಡಿಲವಾಗಿಡಬಹುದು. ನಿಗಡಿಯ ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿ ಮತ್ತು ತುಕಾರಾಮರ ಪ್ರತಿಮೆ ಇದೆ, ತುಕಾರಾಮರ ದೇಹು ಇಲ್ಲಿಂದ ಹತ್ತಿರ. ಅಭಂಗದ ವಹಿಗಳು ಇಂದ್ರಾಯಣಿಯಲ್ಲಿ ಮುಳುಗಿ 13 ದಿನಕ್ಕೆ ತೇಲಿ ಬಂದವು ಅನ್ನೋ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಜನರಿಂದ ಬರಬೇಕಿದ್ದ ಸಾಲದ ಪತ್ರಗಳಲ್ಲಿ ತಮ್ಮ ಪಾಲನ್ನ ತಾವೇ ಅದೇ ನದಿಗೆ ಹಾಕಿದ್ರು ಅಂತಲೂ ಹೇಳ್ತಾರೆ. ಬರೆದದ್ದೆಲ್ಲ ಇಟ್ಕೊಳ್ಳೋಕೇ ಅಂತ ಇಲ್ಲ. ಕೆಲವು ಪುಟ ಬರೆದು ಹರಿದು ಹಾಕೋಕೆ.

ಒಂದು ಎಚ್ಚರ. ಬರೀತಾ ಬರೀತಾ ದುಃಖ ವಾರಗಟ್ಟಲೆ ಹೆಚ್ಚುತ್ತಲೇ ಇದ್ರೆ, ಬದುಕೇ ಬೇಡ ಅನ್ನಿಸಿದ್ರೆ, ಹಾಳೆಯ ಕೆಲಸ ಅಲ್ಲಿಗೆ ಮುಗೀತು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡ್ತಾರೆ. ನಿಮ್ಮ ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಈ ನಂಬರ್ ಬರೆದಿಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಎರಡು ವಾರ ಓಡಿಸಿ ನೋಡಿ

ಕೊನೆಯದಾಗಿ ಪರೀಕ್ಷೆ. 40 ಪುಟ ಒಮ್ಮೆಗೇ ಹೊಲಿಯೋಕೆ ಹೋಗಬೇಡಿ. ವಾರದ ಪುಟದ ಎರಡು ಪ್ರತಿ ಮಾತ್ರ ತೆಗೆದು ಎರಡು ವಾರ ಬಳಸಿ. ಆಮೇಲೆ ಯಾವ ಜಾಗ ಎರಡೂ ವಾರ ಖಾಲಿ ಉಳಿದಿದೆ ನೋಡಿ. ಆ ಜಾಗ ನಿಮಗೆ ಬೇಕಿಲ್ಲ, ಅಳಿಸಿ. ಯಾವ ಜಾಗದಲ್ಲಿ ಬರಹ ಗೆರೆ ಮೀರಿ ಅಂಚಿಗೆ ಹರಿದಿದೆ ನೋಡಿ, ಅಲ್ಲಿ ಇನ್ನೆರಡು ಸಾಲು ಕೊಡಿ. ಎರಡನೇ ವಾರ ಪುಸ್ತಕ ತೆರೆಯೋಕೇ ಮನಸ್ಸಾಗದಿದ್ರೆ ಮೂರು ಅಭ್ಯಾಸದ ಬದಲು ಒಂದೇ ಇಡಿ.

13 ವಾರದ ಪುಸ್ತಕದಲ್ಲಿ 8 ವಾರ ತುಂಬಿ 5 ವಾರ ಬಿಟ್ಟಿದ್ರೆ ಅದು ಬಿಟ್ಟುಹೋದ ಪುಸ್ತಕ ಅಲ್ಲ. ಮಧ್ಯದಲ್ಲಿ ಎಷ್ಟು ಸಲ ವಾಪಸ್ ಬಂದ್ರಿ ಅಂತ ಕೊನೆಯ ಪುಟದಲ್ಲಿ ಎಣಿಸಿ ಬರೀರಿ. ಆಮೇಲೆ ಹೊಸ 10 ಹಾಳೆ ಮಡಚಿ.

ಇವತ್ತಿಗೆ ಇಷ್ಟು. ಮುಂದಿನ ಮಾತಿನಲ್ಲಿ ಸಿಗೋಣ.